ದಕ್ಷಿಣ ಆಫ್ರಿಕಾದ ಮಾನವಶಕ್ತಿ ಸಮೀಕ್ಷೆಗಳು: ಒಂದು ದತ್ತಾಂಶದ ವಿಮರ್ಶೆ

ದಕ್ಷಿಣ ಆಫ್ರಿಕಾದ ಕಾರ್ಮಿಕ ಇಲಾಖೆ 1965ರಿಂದ ಮೊದಲ್ಗೊಂಡು, ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ ನಡೆಸಿಕೊಂಡು ಬಂದ ಮಾನವಶಕ್ತಿ ಸಮೀಕ್ಷೆಗಳ ದತ್ತಾಂಶವನ್ನು ಕೆಲವು ತಿಂಗಳುಗಳಿಂದ ಬಳಸುತ್ತಿದ್ದೇನೆ. ಸಂಘಟಿತ ವಲಯದಲ್ಲಿ ಯಾವ ಹುದ್ದೆಯಲ್ಲಿ ಯಾವ ಜನಾಂಗದ ಎಷ್ಟು ಗಂಡಸರು, ಎಷ್ಟು ಹೆಂಗಸರು ಇದ್ದರು ಎಂಬುದನ್ನು ಉದ್ಯೋಗದಾತರಿಂದಲೇ ಬರೆಸಿಕೊಂಡ ಲೆಕ್ಕ ಇದು. ಕೊನೆಯ ವರ್ಷಗಳಲ್ಲಿ ಈ ಹೊಣೆ ಕೇಂದ್ರ ಅಂಕಿಅಂಶ ಸೇವೆಯ ಕೈಗೆ ಹೋಯಿತು, 1994ರ ಹೊತ್ತಿಗೆ ಸರಣಿ ಮುಗಿಯಿತು. ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಕಾಣುವುದು ಸಾಲುಸಾಲು ಹುದ್ದೆಯ ಹೆಸರುಗಳು, ಅವುಗಳ ಎದುರು ಎಂಟು ಅಂಕಣಗಳು. ಪುಸ್ತಕ ಅಥವಾ ಮೊಬೈಲ್ ಕೊಳ್ಳುವ ಮುನ್ನ ಬಳಸಿದವರ ಮಾತು ಕೇಳುವಂತೆ, ದತ್ತಾಂಶವನ್ನು ನೆಚ್ಚುವ ಮುನ್ನವೂ ಕೇಳಬೇಕು ಎಂಬುದು ನನ್ನ ಅಭಿಪ್ರಾಯವಾದ್ದರಿಂದ ಈ ವಿಮರ್ಶೆ ಬರೆಯುತ್ತಿದ್ದೇನೆ.

ಮೊದಲಿಗೆ ತೀರ್ಪನ್ನೇ ಹೇಳಿಬಿಡುತ್ತೇನೆ. ವರ್ಣಭೇದ ನೀತಿಯ ಕಾಲದ ಕೆಲಸದ ಹಂಚಿಕೆಯನ್ನು ಹುದ್ದೆಯ ಮಟ್ಟಕ್ಕೆ ಇಳಿದು ನೋಡಬೇಕೆನ್ನುವವರು ಈ ಸರಣಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆದರೆ ಇದನ್ನು ತಯಾರಿಸಿದ ಸರ್ಕಾರಕ್ಕೆ ಜನಾಂಗದ ಹೆಸರನ್ನೂ ಹುದ್ದೆಯ ಹೆಸರನ್ನೂ ದೇಶದ ಗಡಿಯನ್ನೂ ತನಗೆ ಬೇಕಾದಂತೆ ಬರೆಯುವ ಅಧಿಕಾರವಿತ್ತು. ಆ ಬರವಣಿಗೆಯ ಗುರುತು ಕೋಷ್ಟಕದ ಪ್ರತಿಯೊಂದು ಕೋಶದಲ್ಲೂ ಉಳಿದಿದೆ. ಅಂಕಿಗಳನ್ನು ಕೂಡಿಸುವುದಕ್ಕೆ ಹತ್ತು ನಿಮಿಷ ಸಾಕು, ಸಾಲು ಅಂಕಣಗಳ ತಲೆಬರಹವನ್ನು ಓದಿ ಅರ್ಥಮಾಡಿಕೊಳ್ಳುವುದಕ್ಕೆ ತಿಂಗಳುಗಳು ಬೇಕಾಗುತ್ತವೆ.

ಅಂಕಣಗಳಿಂದಲೇ ಆರಂಭಿಸೋಣ. ಬಿಳಿಯರು, ಕಲರ್ಡ್ ಎಂದು ಕರೆಯಲಾದ ಮಿಶ್ರ ಮೂಲದವರು, ಏಷ್ಯನ್ನರು, ಆಫ್ರಿಕನ್ನರು ಎಂಬ ನಾಲ್ಕು ಗುಂಪು, ಪ್ರತಿ ಗುಂಪಿನಲ್ಲೂ ಗಂಡು ಮತ್ತು ಹೆಣ್ಣು. ಏಷ್ಯನ್ನರು ಎಂಬ ಅಂಕಣದಲ್ಲಿರುವವರಲ್ಲಿ ಬಹುತೇಕರು 1860ರಿಂದ ನಟಾಲಿನ ಕಬ್ಬಿನ ತೋಟಗಳಿಗೆ ಜೀತದ ಕರಾರಿನ ಮೇಲೆ ಬಂದ ಭಾರತೀಯರ ಮತ್ತು ಅವರ ಹಿಂದೆಯೇ ವ್ಯಾಪಾರಕ್ಕೆ ಬಂದವರ ಸಂತತಿ. ಈ ವಿಂಗಡಣೆ ಉದ್ಯೋಗದಾತನ ಕಣ್ಣಂದಾಜಿನದ್ದಲ್ಲ, 1950ರ ಜನಸಂಖ್ಯಾ ನೋಂದಣಿ ಕಾಯ್ದೆಯದ್ದು. ಪ್ರತಿಯೊಬ್ಬ ಮನುಷ್ಯನಿಗೂ ಒಂದು ಜನಾಂಗವನ್ನು ಕಾಗದದ ಮೇಲೆ ಬರೆದುಕೊಟ್ಟ ಆ ಕಾಯ್ದೆ 1991ರಲ್ಲಷ್ಟೇ ರದ್ದಾಯಿತು. ಕಾಗದದ ಮೇಲಿನ ಜನಾಂಗ ಬದಲಾಗುವುದೂ ಇತ್ತು. 1980ರ ದಶಕದಲ್ಲಿ ವರ್ಷಕ್ಕೆ ನೂರಾರು ಮಂದಿ ಅರ್ಜಿ ಹಾಕಿ ಒಂದು ಗುಂಪಿನಿಂದ ಇನ್ನೊಂದಕ್ಕೆ ವರ್ಗವಾದರು. ಒಟ್ಟು ಲೆಕ್ಕವನ್ನು ಅಲುಗಿಸುವಷ್ಟು ದೊಡ್ಡ ಸಂಖ್ಯೆ ಇದಲ್ಲ. ಆದರೂ ಆ ಅಂಕಣಗಳನ್ನು ಪ್ರಕೃತಿದತ್ತ ಗುಂಪುಗಳೆಂದು ಭಾವಿಸಿ ಓದುವವರಿಗೆ ಈ ಸಂಗತಿ ಗೊತ್ತಿರಬೇಕು.

ಆಫ್ರಿಕನ್ನರ ಅಂಕಣದ ತಲೆಬರಹ ಮಾತ್ರ ಕಾಲಕ್ಕೆ ತಕ್ಕಂತೆ ವೇಷ ಬದಲಿಸುತ್ತದೆ. 1960ರ ದಶಕದ ಸರ್ಕಾರಿ ಭಾಷೆಯಲ್ಲಿ ಅವರು ‘ಬಂಟು’, 1970ರ ದಶಕದ ಕೊನೆಯಿಂದ ‘ಬ್ಲ್ಯಾಕ್’. ಇಲ್ಲಿ ಹೊಸಬರು ಜಾರಿ ಬೀಳುವ ಒಂದು ಗುಂಡಿ ಇದೆ. ಅದೇ 1970ರ ದಶಕದಲ್ಲಿ ವರ್ಣಭೇದ ವಿರೋಧಿ ಹೋರಾಟಗಾರ ಸ್ಟೀವ್ ಬಿಕೊ ಮತ್ತು ಅವರ ಸಂಗಾತಿಗಳು ‘ಬ್ಲ್ಯಾಕ್’ ಎಂಬ ಪದವನ್ನು ಬಿಳಿಯರಲ್ಲದ ಎಲ್ಲರಿಗೂ ಸೇರಿಸಿ ಬಳಸುತ್ತಿದ್ದರು. 1998ರ ಉದ್ಯೋಗ ಸಮಾನತಾ ಕಾಯ್ದೆಯೂ ಆಫ್ರಿಕನ್ನರು, ಕಲರ್ಡ್ ಜನ ಮತ್ತು ಭಾರತೀಯರನ್ನು ಒಟ್ಟಾಗಿ ‘ಬ್ಲ್ಯಾಕ್’ ಎಂದೇ ಕರೆಯುತ್ತದೆ. 2008ರಲ್ಲಿ ಪ್ರಿಟೋರಿಯಾದ ಉಚ್ಚ ನ್ಯಾಯಾಲಯ ದಕ್ಷಿಣ ಆಫ್ರಿಕಾದ ಚೀನೀ ಮೂಲದವರನ್ನೂ ಆ ಕಾಯ್ದೆಯ ಮಟ್ಟಿಗೆ ಇದೇ ಗುಂಪಿಗೆ ಸೇರಿಸಿತು. ಹಾಗಾಗಿ 1981ರ ಕೋಷ್ಟಕದ ‘ಬ್ಲ್ಯಾಕ್’ ಮತ್ತು ಹೊಸ ಕಾಯ್ದೆಯ ವರದಿಗಳ ‘ಬ್ಲ್ಯಾಕ್’ ಒಂದೇ ಎಂದು ತಿಳಿದು ಎರಡನ್ನೂ ಒಂದೇ ರೇಖಾಚಿತ್ರದ ಮೇಲೆ ಎಳೆದರೆ, ಯಾವ ಪ್ರಗತಿಯೂ ಆಗದ ಹುದ್ದೆಯಲ್ಲೂ ಗೆರೆ ಮೇಲಕ್ಕೆ ನೆಗೆಯುತ್ತದೆ. ನನ್ನ ಮೊದಲ ಕರಡಿನಲ್ಲಿ ನಾನೇ ಈ ತಪ್ಪು ಮಾಡಿದ್ದೆ. ಗೆರೆ ಅನುಮಾನ ಬರುವಷ್ಟು ಚೆಂದವಾಗಿ ಬಂದಿದ್ದರಿಂದ ಮತ್ತೆ ಪರೀಕ್ಷಿಸಿದೆ.

ಇನ್ನು ಸಾಲುಗಳು. ಈ ಸರಣಿಯ ನಿಜವಾದ ಬೆಲೆ ಇರುವುದು ಇಲ್ಲಿಯೇ. ಜನಗಣತಿಯ ಪ್ರಕಟಿತ ಕೋಷ್ಟಕಗಳು ಸಾಮಾನ್ಯವಾಗಿ ‘ಉತ್ಪಾದನಾ ಕೆಲಸಗಾರರು’, ‘ಗುಮಾಸ್ತರು’, ‘ವೃತ್ತಿಪರರು’ ಎಂಬ ದೊಡ್ಡ ಮೂಟೆಗಳಲ್ಲಿ ಜನರನ್ನು ತುಂಬಿಬಿಡುತ್ತವೆ. ಮಾನವಶಕ್ತಿ ಸಮೀಕ್ಷೆಯಾದರೋ ಬಾಯ್ಲರ್ ತಯಾರಕ, ಗಾರೆ ಕೆಲಸದವನು, ಟೆಲಿಫೋನ್ ನಿರ್ವಾಹಕಿ, ನರ್ಸ್ ಎಂದು ನೂರಾರು ಹುದ್ದೆಗಳನ್ನು ಬೇರೆಬೇರೆಯಾಗಿ ಇಡುತ್ತದೆ. ಇದರಿಂದ ಏನು ಲಾಭ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತೋರಿಸಬಹುದು. ಒಂದು ಕಾರ್ಖಾನೆಯಲ್ಲಿ 100 ಬಿಳಿಯರಿದ್ದು ಅವರಲ್ಲಿ 80 ಮಂದಿ ಮೇಸ್ತ್ರಿಗಳು, 20 ಮಂದಿ ಯಂತ್ರ ನಡೆಸುವವರು ಎಂದುಕೊಳ್ಳಿ. 100 ಆಫ್ರಿಕನ್ನರಲ್ಲಿ 10 ಮಂದಿ ಮೇಸ್ತ್ರಿಗಳು, 90 ಮಂದಿ ಯಂತ್ರ ನಡೆಸುವವರು. ಎರಡು ಗುಂಪುಗಳು ಹುದ್ದೆಗಳಲ್ಲಿ ಎಷ್ಟು ಬೇರ್ಪಟ್ಟಿವೆ ಎಂದು ಅಳೆಯಲು 1955ರಿಂದ ಬಳಕೆಯಲ್ಲಿರುವ ಡಂಕನ್ ಸೂಚ್ಯಂಕದ ಪ್ರಕಾರ, ಪ್ರತಿ ಹುದ್ದೆಯಲ್ಲಿನ ಶೇಕಡಾವಾರು ವ್ಯತ್ಯಾಸಗಳನ್ನು ಕೂಡಿ ಅರ್ಧ ಮಾಡಿದರೆ ಉತ್ತರ 70. ಅಂದರೆ ಹಂಚಿಕೆ ಸಮವಾಗಬೇಕಾದರೆ ಒಂದು ಗುಂಪಿನ ಶೇಕಡಾ 70ರಷ್ಟು ಜನ ಹುದ್ದೆ ಬದಲಿಸಬೇಕು. ಈಗ ಎರಡೂ ಸಾಲುಗಳನ್ನು ಸೇರಿಸಿ ‘ಉತ್ಪಾದನಾ ಕೆಲಸಗಾರರು’ ಎಂದು ಬರೆಯಿರಿ. ಸೂಚ್ಯಂಕ ಸೊನ್ನೆಗೆ ಇಳಿಯುತ್ತದೆ, ತಾರತಮ್ಯ ಕಾಗದದಿಂದ ಮಾಯವಾಗುತ್ತದೆ. ಸಾಲುಗಳು ಸಣ್ಣವಾಗಿದ್ದಷ್ಟೂ ಸತ್ಯ ದೊಡ್ಡದಾಗಿ ಕಾಣುತ್ತದೆ.

ಆದರೆ ಸಣ್ಣ ಸಾಲಿಗೆ ತನ್ನದೇ ಆದ ಅಪಾಯವೂ ಉಂಟು. ಇದು ಆಯ್ದ ಕೆಲವರನ್ನಷ್ಟೇ ಕೇಳುವ ಮಾದರಿ ಸಮೀಕ್ಷೆಯೇ ಹೊರತು ಪೂರ್ಣ ಎಣಿಕೆಯಲ್ಲ. ಹುದ್ದೆಗಳನ್ನು 500 ಎಂದೇ ಹಿಡಿದರೂ ಎಂಟು ಅಂಕಣಗಳಿಗೆ 4000 ಕೋಶಗಳಾಗುತ್ತವೆ. ಅವುಗಳಲ್ಲಿ ಎಷ್ಟೋ ಕೋಶಗಳ ಸಂಖ್ಯೆ ಹತ್ತು, ಐದು, ಒಂದು ಎಂಬಷ್ಟು ಚಿಕ್ಕದು. ಒಂದು ವರ್ಷ 12 ಇದ್ದದ್ದು ಎರಡು ವರ್ಷದ ನಂತರ 31 ಆದರೆ ಅದು ಬೆಳವಣಿಗೆಯೋ, ಬೇರೊಂದು ಕಾರ್ಖಾನೆ ಮಾದರಿಯಲ್ಲಿ ಸಿಕ್ಕಿದ್ದರ ಫಲವೋ ಎಂದು ಆ ಎರಡು ಅಂಕಿಗಳನ್ನಷ್ಟೇ ನೋಡಿ ಹೇಳಲಾಗದು. ನಾನು ಪಾಲಿಸುವ ಕ್ರಮ ಸರಳವಾದದ್ದು: ಸಣ್ಣ ಕೋಶಗಳ ವಿಷಯದಲ್ಲಿ ಮೂರು ಅಥವಾ ನಾಲ್ಕು ಸಮೀಕ್ಷೆಗಳು ಒಂದೇ ದಿಕ್ಕನ್ನು ತೋರಿಸುವವರೆಗೆ ಬಾಯಿ ಬಿಡುವುದಿಲ್ಲ. ಸೊನ್ನೆಯನ್ನು ಮಾತ್ರ ಬೇರೆ ರೀತಿಯಲ್ಲಿ ಓದುತ್ತೇನೆ. ಕುಶಲ ಕಸುಬುಗಳ ಎದುರು ಆಫ್ರಿಕನ್ ಅಂಕಣದಲ್ಲಿ ವರ್ಷಗಟ್ಟಲೆ ಸೊನ್ನೆಯೋ ಸೊನ್ನೆಗೆ ಹತ್ತಿರದ ಸಂಖ್ಯೆಯೋ ನಿಂತಿದ್ದರೆ ಅದರ ಹಿಂದೆ ಬಹುಮಟ್ಟಿಗೆ ಒಂದು ಕಾನೂನು ಇದ್ದೇ ಇರುತ್ತದೆ.

ಆ ಕಾನೂನುಗಳನ್ನು ಪಕ್ಕದಲ್ಲಿಟ್ಟುಕೊಳ್ಳದೆ ಈ ಕೋಷ್ಟಕಗಳನ್ನು ತೆರೆಯುವುದು ವ್ಯರ್ಥ. 1922ರ ಅಪ್ರೆಂಟಿಸ್ ಕಾಯ್ದೆ ಕಸುಬು ಕಲಿಯಲು ಕನಿಷ್ಠ ವಿದ್ಯಾರ್ಹತೆ ಬೇಕೆಂದಿತು. ಜನಾಂಗದ ಹೆಸರನ್ನೇ ಎತ್ತದ ಆ ಷರತ್ತು, ಶಾಲೆಗಳು ತೀರಾ ಕಡಿಮೆಯಿದ್ದ ಆಫ್ರಿಕನ್ ಹುಡುಗರನ್ನು ಬಾಗಿಲಲ್ಲೇ ತಡೆಯಿತು. 1951ರ ಬಂಟು ಕಟ್ಟಡ ಕೆಲಸಗಾರರ ಕಾಯ್ದೆ ಆಫ್ರಿಕನ್ನರಿಗೆ ಗಾರೆ ಮತ್ತು ಮರಗೆಲಸ ಕಲಿಸಲು ಒಪ್ಪಿತು, ಆದರೆ ಆ ಕಸುಬನ್ನು ಅವರು ತಮ್ಮ ಬಡಾವಣೆಗಳಲ್ಲಿ ಮಾತ್ರ ಮಾಡಬೇಕು, ಬಿಳಿಯರ ಪ್ರದೇಶದಲ್ಲಿ ಮಾಡಿದರೆ ಅಪರಾಧ ಎಂದಿತು. 1956ರ ಕೈಗಾರಿಕಾ ಸಂಧಾನ ಕಾಯ್ದೆಯ 77ನೆಯ ಕಲಮು ಮಂತ್ರಿಗೆ ಇಡೀ ಹುದ್ದೆಯನ್ನೇ ಒಂದು ಜನಾಂಗಕ್ಕೆ ಮೀಸಲಿಡುವ ಅಧಿಕಾರ ಕೊಟ್ಟಿತು. ಆ ಅಧಿಕಾರದಡಿ ಕೇಪ್ ಟೌನಿನಲ್ಲಿ ಅಗ್ನಿಶಾಮಕ ಸಿಬ್ಬಂದಿ, ಆಂಬುಲೆನ್ಸ್ ಚಾಲಕರಂಥ ಕೆಲಸಗಳು ಬಿಳಿಯರ ಪಾಲಾದವು. ಕಾರ್ಮಿಕ ಕಾನೂನುಗಳ ಪರಿಶೀಲನೆಗೆಂದು ಸರ್ಕಾರ ನೇಮಿಸಿದ್ದ ವೀಹಾನ್ ಆಯೋಗದ ಮೊದಲ ವರದಿ ಬಂದ 1979ರಲ್ಲಿ 77ನೆಯ ಕಲಮನ್ನು ತೆಗೆಯಲಾಯಿತು. 1981ರ ಮಾನವಶಕ್ತಿ ತರಬೇತಿ ಕಾಯ್ದೆ ಅಪ್ರೆಂಟಿಸ್ ತರಬೇತಿಯನ್ನು ಎಲ್ಲರಿಗೂ ತೆರೆಯಿತು. ಈ ಇಸವಿಗಳನ್ನು ಒಂದು ಚೀಟಿಯಲ್ಲಿ ಬರೆದು ಪರದೆಯ ಪಕ್ಕ ಅಂಟಿಸಿಕೊಂಡಿದ್ದೇನೆ. ಕುಶಲಕರ್ಮಿಗಳ ಸಾಲಿನಲ್ಲಿ ಬದಲಾವಣೆ ಯಾವಾಗ ಕಾಣಬೇಕು, ಯಾವಾಗ ಕಂಡರೆ ಅನುಮಾನಿಸಬೇಕು ಎಂಬುದಕ್ಕೆ ಆ ಚೀಟಿಯೇ ಆಧಾರ.

ಹಾಗೆಂದು ಕಾನೂನು ಬಂದ ದಿನವೇ ಅಂಕಿ ಬದಲಾಗುತ್ತದೆ ಎಂದೂ ನಂಬಬಾರದು. 77ನೆಯ ಕಲಮಿನಡಿ ಮೊತ್ತಮೊದಲ ಮೀಸಲಾತಿ ಹೊರಟದ್ದು 1957ರಲ್ಲಿ, ಬಟ್ಟೆ ಹೊಲಿಯುವ ಉದ್ದಿಮೆಗೆ. ಟ್ರಾನ್ಸ್‌ವಾಲ್ ಪ್ರಾಂತ್ಯದ ಆ ಕಾರ್ಖಾನೆಗಳಲ್ಲಿ 1930ರ ದಶಕದಲ್ಲಿ ಹೊಲಿಗೆಯಂತ್ರದ ಮುಂದೆ ಕೂತಿದ್ದವರು ಹಳ್ಳಿಗಳಿಂದ ಜೊಹಾನ್ಸ್‌ಬರ್ಗಿಗೆ ಬಂದ ಬಡ ಆಫ್ರಿಕಾನರ್ (ಆಫ್ರಿಕಾನ್ಸ್ ಭಾಷೆಯ ಬಿಳಿಯರ) ಹುಡುಗಿಯರು. 1950ರ ದಶಕದ ಹೊತ್ತಿಗೆ ಅವರು ಅಂಗಡಿ, ಕಚೇರಿಗಳ ಕಡೆಗೆ ಸರಿದಿದ್ದರು, ಅವರ ಜಾಗಕ್ಕೆ ಕಲರ್ಡ್ ಮತ್ತು ಆಫ್ರಿಕನ್ ಕೆಲಸಗಾರರು ಬಂದಿದ್ದರು. ಬಿಳಿಯರಿಗೆ ಮೀಸಲು ಎಂದು ಗೆಜೆಟ್ ಸಾರಿತು, ಆದರೆ ಕೂರಲು ಬಿಳಿಯರೇ ಇಲ್ಲ. ಕೊನೆಗೆ ಸರ್ಕಾರವೇ ರಾಶಿರಾಶಿ ವಿನಾಯಿತಿಗಳನ್ನು ಕೊಟ್ಟು ಯಂತ್ರಗಳು ನಿಲ್ಲದಂತೆ ನೋಡಿಕೊಳ್ಳಬೇಕಾಯಿತು. ಕಾನೂನಿನ ಪುಸ್ತಕ ಒಂದು ದೇಶವನ್ನು ವರ್ಣಿಸುತ್ತದೆ, ಸಮೀಕ್ಷೆಯ ಕೋಷ್ಟಕ ಇನ್ನೊಂದನ್ನು. ಇವೆರಡರ ನಡುವಿನ ಅಂತರವನ್ನು ಅಳೆಯಲು ಸಾಧ್ಯವಾಗುವುದೇ ಈ ದತ್ತಾಂಶದ ಬಹುದೊಡ್ಡ ಉಪಕಾರ ಎಂದು ನನಗನ್ನಿಸಿದೆ.

ಈಗ ಹುದ್ದೆಯ ಹೆಸರಿನ ಪ್ರಶ್ನೆಗೆ ಬರುತ್ತೇನೆ. ಇದಕ್ಕೆ ಚಿನ್ನದ ಗಣಿಗಳಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. 1911ರ ಗಣಿ ಮತ್ತು ಕಾರ್ಯಾಗಾರ ಕಾಯ್ದೆಯಡಿ ಆರಂಭವಾಗಿ 1926ರ ತಿದ್ದುಪಡಿಯಲ್ಲಿ ಗಟ್ಟಿಯಾದ ನಿಯಮದಂತೆ, ಸಿಡಿಮದ್ದು ಹಚ್ಚುವ ಪ್ರಮಾಣಪತ್ರ ಆಫ್ರಿಕನ್ನರಿಗೆ ಸಿಗುವಂತಿರಲಿಲ್ಲ. ಬಂಡೆಗೆ ರಂಧ್ರ ಕೊರೆಯುವವನು ಆಫ್ರಿಕನ್, ತೊಲೆ ನಿಲ್ಲಿಸುವವನು ಆಫ್ರಿಕನ್, ಅದಿರನ್ನು ತುಂಬುವವನೂ ಆಫ್ರಿಕನ್. ಆದರೆ ‘ಗಣಿಗಾರ’ ಎಂಬ ಹುದ್ದೆಯ ಹೆಸರು ಪ್ರಮಾಣಪತ್ರ ಹಿಡಿದ ಬಿಳಿಯನಿಗೆ ಸೇರಿದ್ದು. ತಂಡವನ್ನು ನಿಜವಾಗಿ ಮುನ್ನಡೆಸುತ್ತಿದ್ದ, ಎಷ್ಟೋ ವರ್ಷ ನೆಲದಡಿಯಲ್ಲಿ ಪಳಗಿದ ಆಫ್ರಿಕನ್ ಮೇಸ್ತ್ರಿಗೆ ಗಣಿಯವರು ಕೊಟ್ಟ ಹೆಸರು ‘ಬಾಸ್ ಬಾಯ್’. ಆ ಅವಮಾನಕರ ಪದವನ್ನು ಕೈಬಿಟ್ಟು ‘ತಂಡದ ನಾಯಕ’ ಎಂದು ಕರೆಯಲು ಆರಂಭಿಸಿದ್ದು ಬಹಳ ತಡವಾಗಿ. ಗಣಿಗಳಲ್ಲಿನ ಕೊನೆಯ ಕಾನೂನುಬದ್ಧ ಬಣ್ಣದ ತಡೆ ಬಿದ್ದದ್ದು 1987ರಲ್ಲಿ. ಅಲ್ಲಿಯವರೆಗಿನ ಕೋಷ್ಟಕಗಳಲ್ಲಿ ‘ಗಣಿಗಾರ’ ಎಂಬ ಸಾಲನ್ನು ಮಾತ್ರ ಆರಿಸಿಕೊಂಡು ಓದುವವರಿಗೆ ದಕ್ಷಿಣ ಆಫ್ರಿಕಾದ ಚಿನ್ನವನ್ನು ಬಿಳಿಯರೇ ಅಗೆದು ತೆಗೆದಂತೆ ಕಾಣುತ್ತದೆ. ಒಂದೇ ಗುಹೆಯಲ್ಲಿ, ಒಂದೇ ಪಾಳಿಯಲ್ಲಿ, ಒಂದೇ ಬಂಡೆಯ ಮುಂದೆ ನಿಂತವರು ಎರಡು ಬೇರೆ ಸಾಲುಗಳಲ್ಲಿ, ಎರಡು ಬೇರೆ ಕೌಶಲದ ಮಟ್ಟಗಳಲ್ಲಿ ಎಣಿಕೆಯಾಗಿದ್ದಾರೆ.

ಕಾರ್ಖಾನೆಗಳಲ್ಲೂ ಇದೇ ಆಟ, ಸ್ವಲ್ಪ ನಯವಾಗಿ. 1960 ಮತ್ತು 1970ರ ದಶಕಗಳಲ್ಲಿ ಬಿಳಿ ಕುಶಲಕರ್ಮಿಗಳು ಸಾಲದಾದಾಗ, ಒಬ್ಬ ಕುಶಲಕರ್ಮಿಯ ಕೆಲಸವನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡಿಗೂ ‘ನಿರ್ವಾಹಕ’, ‘ಸಹಾಯಕ’ ಎಂಬ ಹೊಸ ಹೆಸರಿಟ್ಟು ಆಫ್ರಿಕನ್ನರಿಗೆ ಕಡಿಮೆ ಕೂಲಿಗೆ ಕೊಡುವ ಪದ್ಧತಿ ಬೆಳೆಯಿತು. ಹಳೆಯ ಕುಶಲಕರ್ಮಿ ಮೇಲ್ವಿಚಾರಕನಾಗಿ ಒಂದು ಮೆಟ್ಟಿಲು ಮೇಲೇರಿದ. ಬಣ್ಣದ ತಡೆ ಹೀಗೆ ಮುರಿಯದೆ, ಇಡಿಯಾಗಿ ಮೇಲಕ್ಕೆ ತೇಲಿತು. ವಿದ್ವಾಂಸರು ಅದನ್ನು ‘ತೇಲುವ ತಡೆ’ ಎಂದೇ ಕರೆದಿದ್ದಾರೆ. ಸಮಾಜಶಾಸ್ತ್ರಜ್ಞ ಓವನ್ ಕ್ರ್ಯಾಂಕ್‌ಶಾ 1990ರ ದಶಕದಲ್ಲಿ ಇದೇ ಸಮೀಕ್ಷೆಗಳನ್ನು ಆಧರಿಸಿ, ಆಫ್ರಿಕನ್ನರ ಮೇಲ್ಮುಖ ಚಲನೆ ಎಲ್ಲ ಕಡೆ ಒಂದೇ ವೇಗದಲ್ಲಿ ನಡೆಯಲಿಲ್ಲ, ಅರೆಕುಶಲ ಯಂತ್ರಗೆಲಸ, ಸಾಮಾನ್ಯ ಗುಮಾಸ್ತಿಕೆ, ಅರೆವೃತ್ತಿಪರ ಹುದ್ದೆಗಳಲ್ಲಿ ಅದು ಹೆಚ್ಚು ಕಂಡಿತು, ಕುಶಲಕರ್ಮಿ ಮತ್ತು ವ್ಯವಸ್ಥಾಪಕ ಹುದ್ದೆಗಳಲ್ಲಿ ಬಹಳ ಕಡಿಮೆ ಕಂಡಿತು ಎಂದು ತೋರಿಸಿದರು. ದೊಡ್ಡ ಮೂಟೆಗಳ ಕೋಷ್ಟಕದಿಂದ ಈ ತೀರ್ಮಾನಕ್ಕೆ ಬರಲು ಸಾಧ್ಯವೇ ಇರಲಿಲ್ಲ.

ಶೇಕಡಾವಾರಿನ ಮೋಸದ ಬಗ್ಗೆ ಒಂದು ಮಾತು, ಏಕೆಂದರೆ ಈ ದತ್ತಾಂಶವನ್ನು ಉದಾಹರಿಸುವ ಬರಹಗಳಲ್ಲಿ ಅದು ಮತ್ತೆ ಮತ್ತೆ ಎದುರಾಗುತ್ತದೆ. ಇದೂ ಕಾಲ್ಪನಿಕ ಲೆಕ್ಕವೇ. ಒಂದು ಹುದ್ದೆಯಲ್ಲಿ 10 ಆಫ್ರಿಕನ್ನರು ಇದ್ದದ್ದು 30 ಆಯಿತು, ಬಿಳಿಯರು 2000 ಇದ್ದದ್ದು 2600 ಆಯಿತು. ಆಫ್ರಿಕನ್ನರ ಏರಿಕೆ ಶೇಕಡಾ 200, ಬಿಳಿಯರದ್ದು ಶೇಕಡಾ 30. ಕೇಳಲು ಸುಧಾರಣೆಯೇ. ಆದರೆ ಮೊದಲು 1990 ಇದ್ದ ಅಂತರ ಈಗ 2570 ಆಗಿದೆ. ವರ್ಣಭೇದ ನೀತಿ ತಾನಾಗಿಯೇ ಸಡಿಲವಾಗುತ್ತಿತ್ತು ಎಂದು ವಾದಿಸುವವರು ಮೊದಲ ಅಂಕಿಯನ್ನು ಹಿಡಿದುಕೊಳ್ಳುತ್ತಾರೆ, ಏನೂ ಬದಲಾಗಲಿಲ್ಲ ಎನ್ನುವವರು ಎರಡನೆಯದನ್ನು. ಮೂಲ ಸಂಖ್ಯೆಯನ್ನೂ ಪಾಲನ್ನೂ ಒಟ್ಟಿಗೆ ಕೊಡದ ಯಾವ ಕೋಷ್ಟಕವನ್ನೂ ನಾನು ನಂಬುವುದಿಲ್ಲ.

ಹೆಂಗಸರ ಅಂಕಣಗಳಿಗೆ ಬಂದಾಗ ನನ್ನ ಮೆಚ್ಚುಗೆ ಅರ್ಧಕ್ಕೆ ಇಳಿಯುತ್ತದೆ. ಈ ಸಮೀಕ್ಷೆಗಳು ಕೃಷಿಯನ್ನೂ ಮನೆಗೆಲಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೂಲಿಗೆ ದುಡಿಯುತ್ತಿದ್ದ ಆಫ್ರಿಕನ್ ಹೆಂಗಸರಲ್ಲಿ ಬಹುಪಾಲು ಮಂದಿ ಇದ್ದದ್ದೇ ಈ ಎರಡು ಕಡೆ: ಬಿಳಿಯರ ಅಡುಗೆಮನೆಯಲ್ಲಿ, ಇಲ್ಲವೇ ಬಿಳಿಯರ ಹೊಲದಲ್ಲಿ. 1956ರ ಆಗಸ್ಟ್ 9ರಂದು, ಆಫ್ರಿಕನ್ನರು ಅನುಮತಿ ಪುಸ್ತಕ ಹಿಡಿದೇ ಓಡಾಡಬೇಕೆಂಬ ಪಾಸ್ ಕಾನೂನಿನ ವಿರುದ್ಧ ಪ್ರಿಟೋರಿಯಾದ ಯೂನಿಯನ್ ಬಿಲ್ಡಿಂಗ್ಸ್‌ಗೆ ಸುಮಾರು 20,000 ಹೆಂಗಸರು ಮೆರವಣಿಗೆ ಹೋದರು. ಅವರಲ್ಲಿ ಮನೆಗೆಲಸದವರ ದುಡಿಮೆಗೆ ಈ ಕೋಷ್ಟಕಗಳಲ್ಲಿ ಒಂದು ಸಾಲೂ ಇಲ್ಲ. ಇದರ ಪರಿಣಾಮ ವಿಚಿತ್ರವಾದದ್ದು. ದೊಡ್ಡ ಗುಂಪನ್ನು ಹೊರಗಿಟ್ಟ ಮೇಲೆ ಉಳಿದ ಆಫ್ರಿಕನ್ ಹೆಂಗಸರಲ್ಲಿ ನರ್ಸ್ ಮತ್ತು ಶಿಕ್ಷಕಿಯರ ಪಾಲು ತಾನಾಗಿಯೇ ಹಿಗ್ಗುತ್ತದೆ, ಆಫ್ರಿಕನ್ ಗಂಡಸರಿಗಿಂತ ಆಫ್ರಿಕನ್ ಹೆಂಗಸರೇ ಹೆಚ್ಚು ‘ವೃತ್ತಿಪರರು’ ಎಂಬ ಚಿತ್ರ ಮೂಡುತ್ತದೆ. ದತ್ತಾಂಶ ಸುಳ್ಳು ಹೇಳುತ್ತಿಲ್ಲ, ಪಾಲನ್ನು ಲೆಕ್ಕಹಾಕಲು ಭಾಗಿಸುವ ಒಟ್ಟು ಸಂಖ್ಯೆ, ಅಂದರೆ ಭಾಜಕ, ಹೇಳುತ್ತಿದೆ. ಹೆಂಗಸರ ಬಗ್ಗೆ ಬರೆಯುವವರು ಅದೇ ಕಾಲದ ಜನಗಣತಿಯ ಕೋಷ್ಟಕವನ್ನು ಪಕ್ಕದಲ್ಲಿಟ್ಟುಕೊಂಡು ಭಾಜಕವನ್ನು ಸರಿಪಡಿಸಿಕೊಳ್ಳದೆ ಯಾವ ಪಾಲನ್ನೂ ಪ್ರಕಟಿಸಬಾರದು.

ಆದರೂ ನರ್ಸ್‌ಗಳ ಸಾಲನ್ನು ನಾನು ಹೆಚ್ಚು ಹೊತ್ತು ನೋಡಿದ್ದೇನೆ ಎಂದು ಒಪ್ಪಿಕೊಳ್ಳಬೇಕು. ಸೆಸಿಲಿಯಾ ಮಕಿವಾನೆ ಮೊದಲ ಆಫ್ರಿಕನ್ ನೋಂದಾಯಿತ ನರ್ಸ್ ಆದದ್ದು 1908ರಲ್ಲಿ. 1957ರ ನರ್ಸಿಂಗ್ ಕಾಯ್ದೆ ನೋಂದಣಿ ಪುಸ್ತಕಗಳನ್ನೇ ಜನಾಂಗವಾರು ಬೇರ್ಪಡಿಸಿತು. ಹಾಗಿದ್ದೂ, ಆಸ್ಪತ್ರೆಗಳನ್ನೂ ಜನಾಂಗವಾರು ಬೇರ್ಪಡಿಸಿದ ವ್ಯವಸ್ಥೆಯಲ್ಲಿ ಆಫ್ರಿಕನ್ ಆಸ್ಪತ್ರೆಗಳಿಗೆ ಆಫ್ರಿಕನ್ ನರ್ಸ್‌ಗಳು ಬೇಕೇ ಬೇಕಿತ್ತು. ಪ್ರತ್ಯೇಕ ಶಾಲೆಗಳಿಗೆ ಪ್ರತ್ಯೇಕ ಶಿಕ್ಷಕರು ಬೇಕಾದದ್ದೂ ಹಾಗೆಯೇ. ಆಫ್ರಿಕನ್ ‘ವೃತ್ತಿಪರ’ ವರ್ಗ ಎಂದು ಕೋಷ್ಟಕದಲ್ಲಿ ಬೆಳೆಯುವುದರಲ್ಲಿ ಬಹುಪಾಲು ಈ ಎರಡೇ ಹುದ್ದೆಗಳು. ಒಂದೇ ಶೀರ್ಷಿಕೆಯಡಿ ಎಂಜಿನಿಯರನನ್ನೂ ಪ್ರಾಥಮಿಕ ಶಾಲೆಯ ಶಿಕ್ಷಕಿಯನ್ನೂ ಸೇರಿಸಿ ‘ವೃತ್ತಿಪರರಲ್ಲಿ ಆಫ್ರಿಕನ್ನರ ಪಾಲು’ ಎಂದು ಹೇಳುವ ವರದಿಗಳು ಈ ಸಂಗತಿಯನ್ನು ಮುಚ್ಚಿಡುತ್ತವೆ. ಸಣ್ಣ ಸಾಲುಗಳಿರುವ ಈ ದತ್ತಾಂಶ ಅದನ್ನು ಬಿಚ್ಚಿಡುತ್ತದೆ.

ಗಡಿಯ ತೊಡಕು ನನಗೆ ಅರ್ಥವಾಗಲು ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಆಫ್ರಿಕನ್ನರಿಗೆಂದು ವರ್ಣಭೇದ ಸರ್ಕಾರ ದೇಶದೊಳಗೇ ಬೇರ್ಪಡಿಸಿಟ್ಟ ಪ್ರದೇಶಗಳಲ್ಲಿ ಟ್ರಾನ್ಸ್‌ಕೈ 1976ರಲ್ಲಿ, ಬೋಫುತಾಟ್ಸ್ವಾನಾ 1977ರಲ್ಲಿ, ವೆಂಡಾ 1979ರಲ್ಲಿ, ಸಿಸ್ಕೈ 1981ರಲ್ಲಿ ‘ಸ್ವತಂತ್ರ’ವಾದವು. ಪ್ರಿಟೋರಿಯಾದ ಸರ್ಕಾರವನ್ನು ಬಿಟ್ಟು ಹೊರಜಗತ್ತಿನ ಯಾವ ದೇಶವೂ ಆ ಸ್ವಾತಂತ್ರ್ಯವನ್ನು ಮಾನ್ಯ ಮಾಡಲಿಲ್ಲ, ಆದರೆ ಅಂಕಿಅಂಶದ ಕಚೇರಿ ಮಾನ್ಯ ಮಾಡಿತು. ಆಯಾ ವರ್ಷದಿಂದ ಆ ಪ್ರದೇಶಗಳು ಲೆಕ್ಕದಿಂದ ಬಿದ್ದುಹೋದವು. ಸಮೀಕ್ಷೆ ಎಣಿಸುವುದು ಕೆಲಸದ ಸ್ಥಳವನ್ನು, ವಾಸದ ಸ್ಥಳವನ್ನಲ್ಲ. ಹಾಗಾಗಿ ಬೋಫುತಾಟ್ಸ್ವಾನಾದ ಮಾಬೊಪಾನೆಯಲ್ಲಿ ಮಲಗಿ, ಬೆಳಗಿನ ಜಾವ ಬಸ್ಸು ಹಿಡಿದು ಪ್ರಿಟೋರಿಯಾದ ರೊಸ್ಲಿನ್ ಕಾರ್ಖಾನೆಗೆ ಹೋಗುವವನು ಕೋಷ್ಟಕದಲ್ಲಿ ಉಳಿಯುತ್ತಾನೆ. ಅದೇ ಊರಿನವನು ಗಡಿಯೊಳಗೇ ಇರುವ ಬಾಬೆಲೆಗಿ ಕೈಗಾರಿಕಾ ವಲಯದಲ್ಲಿ ಕೆಲಸಕ್ಕಿದ್ದರೆ ಮಾಯವಾಗುತ್ತಾನೆ. ಟ್ರಾನ್ಸ್‌ಕೈನ ಉಮ್ಟಾಟಾದಲ್ಲಿ ಪಾಠ ಮಾಡುತ್ತಿದ್ದ ಶಿಕ್ಷಕಿ 1976ರ ಅಕ್ಟೋಬರ್ ನಂತರವೂ ಅದೇ ತರಗತಿಯಲ್ಲಿ ಅದೇ ಮಕ್ಕಳಿಗೆ ಪಾಠ ಮಾಡುತ್ತಿದ್ದಳು. ದಕ್ಷಿಣ ಆಫ್ರಿಕಾದ ಉದ್ಯೋಗಿಗಳ ಪಟ್ಟಿಯಲ್ಲಿ ಮಾತ್ರ ಅವಳಿಲ್ಲ. ಆಫ್ರಿಕನ್ ಶಿಕ್ಷಕರು, ನರ್ಸ್‌ಗಳು, ಸರ್ಕಾರಿ ಗುಮಾಸ್ತರ ಸಾಲುಗಳಲ್ಲಿ 1970ರ ದಶಕದ ಕೊನೆಗೆ ಕುಸಿತವೋ ಮಂದಗತಿಯೋ ಕಂಡರೆ, ಕೆಲಸ ಹೋಯಿತು ಎಂದು ಬರೆಯುವ ಮುನ್ನ ಭೂಪಟವನ್ನು ನೋಡಬೇಕು. ಈ ಪ್ರದೇಶಗಳು ಮತ್ತೆ ದೇಶದೊಳಗೆ ಸೇರಿದ್ದು 1994ರ ಏಪ್ರಿಲ್ 27ರಂದು, ಅಂದರೆ ಸರಣಿ ಮುಗಿಯುವ ಹೊತ್ತಿಗೆ.

ಸಂಬಳದ ವಿವರ ಇಲ್ಲದಿರುವುದು ಇನ್ನೊಂದು ಕೊರತೆ. ತಲೆಗಳ ಎಣಿಕೆ ಇದೆ, ಕೈಗೆ ಬಂದದ್ದೆಷ್ಟು ಎಂಬುದಿಲ್ಲ. 1970ರ ಸುಮಾರಿಗೆ ಚಿನ್ನದ ಗಣಿಗಳಲ್ಲಿ ಬಿಳಿಯರ ಸರಾಸರಿ ನಗದು ಕೂಲಿ ಆಫ್ರಿಕನ್ನರ ಕೂಲಿಯ ಸುಮಾರು 20 ಪಟ್ಟು ಇತ್ತು. ಅಂಥ ಕಂದರವನ್ನು ಹುದ್ದೆಯ ಹೆಸರಿನಿಂದ ಊಹಿಸಲಾಗದು. ಆಫ್ರಿಕನ್ ಶಿಕ್ಷಕನೂ ಬಿಳಿ ಶಿಕ್ಷಕನೂ ಒಂದೇ ಸಾಲಿನಲ್ಲಿ ಪಕ್ಕಪಕ್ಕ ಕೂತಿರುತ್ತಾರೆ, ಅವರ ಸಂಬಳದ ಚೀಟಿಗಳು ಪಕ್ಕಪಕ್ಕ ಇಡುವಂಥವಾಗಿರಲಿಲ್ಲ.

ದತ್ತಾಂಶ ಕೈಗೆ ಸಿಗುವ ಬಗ್ಗೆ ದೂರಬೇಕಾದದ್ದು ಹೆಚ್ಚಿಲ್ಲ. ದಕ್ಷಿಣ ಆಫ್ರಿಕಾದ ಹಳೆಯ ಸಮೀಕ್ಷೆಗಳನ್ನು ಜೋಪಾನ ಮಾಡಿ ಸಂಶೋಧಕರಿಗೆ ಒದಗಿಸುವ ಕೆಲಸದಲ್ಲಿ ಕೇಪ್ ಟೌನ್ ವಿಶ್ವವಿದ್ಯಾಲಯದ ಡೇಟಾಫಸ್ಟ್ ಎಂಬ ದತ್ತಾಂಶ ಕೇಂದ್ರ 2001ರಿಂದಲೂ ಇದೆ. ಹೆಸರು ನೋಂದಾಯಿಸಿ, ಯಾವ ಉದ್ದೇಶಕ್ಕೆ ಎಂದು ಬರೆದುಕೊಟ್ಟರೆ ಸಾರ್ವಜನಿಕ ಕಡತಗಳು ಹಣ ಕೊಡದೆ ಸಿಗುತ್ತವೆ. ಯಾವ ಸಂಗ್ರಹದಿಂದ ತೆಗೆದರೂ ನನ್ನ ಸಲಹೆ ಒಂದೇ: ಕಡತವನ್ನು ತೆರೆಯುವ ಮುನ್ನ ಜೊತೆಗಿರುವ ವಿವರಣಾ ಪತ್ರವನ್ನು ಪೂರ್ತಿ ಓದಿ. ಹುದ್ದೆಗಳ ಪಟ್ಟಿ ಎಲ್ಲ ವರ್ಷಗಳಲ್ಲೂ ಒಂದೇ ಆಗಿಲ್ಲ. ಕೆಲವು ಸಾಲುಗಳು ಒಡೆದಿವೆ, ಕೆಲವು ಕೂಡಿವೆ, ಕೆಲವು ಹೆಸರು ಬದಲಿಸಿಕೊಂಡಿವೆ. ನಾನು ಒಂದು ಹಳೆಯ ಸಂಕೇತ ಸಂಖ್ಯೆಯನ್ನು ಹೊಸದಕ್ಕೆ ಹೊಂದಿಸುವಾಗ ಮೇಲ್ವಿಚಾರಕರನ್ನು ಕೆಲಸಗಾರರ ಜೊತೆ ಸೇರಿಸಿಬಿಟ್ಟು ಎರಡು ವಾರದ ಕೆಲಸವನ್ನು ತಿಪ್ಪೆಗೆ ಹಾಕಿದೆ. ತಪ್ಪು ನನ್ನದೇ, ವಿವರಣಾ ಪತ್ರದಲ್ಲಿ ಎಲ್ಲವೂ ಬರೆದಿತ್ತು.

1994ರಿಂದ ಮುಂದಕ್ಕೆ ಗೆರೆ ಎಳೆಯಬೇಕೆನ್ನುವವರಿಗೆ ದಾರಿ ಕಷ್ಟದ್ದು. 1990ರ ದಶಕದಲ್ಲಿ ಅಕ್ಟೋಬರ್ ಕುಟುಂಬ ಸಮೀಕ್ಷೆ, 2000ದಿಂದ ಕಾರ್ಮಿಕ ಬಲ ಸಮೀಕ್ಷೆ, 2008ರಿಂದ ಅದರ ತ್ರೈಮಾಸಿಕ ರೂಪ ಬಂದವು. ಇವು ಮನೆಬಾಗಿಲಿಗೆ ಹೋಗಿ ಕೆಲಸಗಾರನನ್ನೇ ಕೇಳುತ್ತವೆ, ಮನೆಗೆಲಸದವರನ್ನೂ ಎಣಿಸುತ್ತವೆ, ಜನಾಂಗವನ್ನು ಉತ್ತರಿಸುವವರ ಮಾತಿನಿಂದಲೇ ಬರೆದುಕೊಳ್ಳುತ್ತವೆ. ಉದ್ಯೋಗದಾತ ಬರೆದುಕೊಟ್ಟದ್ದನ್ನೂ ಉದ್ಯೋಗಿ ಹೇಳಿದ್ದನ್ನೂ ಒಂದೇ ಸರಣಿ ಎಂದು ಹೊಲಿಯುವುದು ಸಾಧುವಲ್ಲ. ಉದ್ಯೋಗ ಸಮಾನತಾ ಕಾಯ್ದೆಯಡಿ ಕಂಪನಿಗಳು ಸಲ್ಲಿಸುವ ವರದಿಗಳು ಹುಟ್ಟಿನಲ್ಲಿ ಮಾನವಶಕ್ತಿ ಸಮೀಕ್ಷೆಗೆ ಹತ್ತಿರದ ನೆಂಟರು, ಏಕೆಂದರೆ ಅವುಗಳನ್ನೂ ಬರೆಯುವವನು ಉದ್ಯೋಗದಾತನೇ. ಆದರೆ ಅವು ಉನ್ನತ ವ್ಯವಸ್ಥಾಪಕರಿಂದ ಕುಶಲರಹಿತರವರೆಗೆ ಆರು ಮಟ್ಟಗಳನ್ನು ಮುಂದಿಡುತ್ತವೆ, ಬಾಯ್ಲರ್ ತಯಾರಕನನ್ನೋ ಟೆಲಿಫೋನ್ ನಿರ್ವಾಹಕಿಯನ್ನೋ ಅಲ್ಲಿ ಬಿಡಿಯಾಗಿ ಹುಡುಕಲಾಗದು.

ಪದವಿ ತರಗತಿಯ ವಿದ್ಯಾರ್ಥಿಗೆ ಒಂದು ವಾರದ ನಿಯೋಜಿತ ಕೆಲಸಕ್ಕೆ ಇದನ್ನು ನಾನು ಕೊಡಲಾರೆ. ಮಹಿಳೆಯರ ದುಡಿಮೆಯ ಇತಿಹಾಸವನ್ನು ಇದೊಂದರಿಂದಲೇ ಬರೆಯಲು ಹೊರಟವರನ್ನೂ ತಡೆಯುತ್ತೇನೆ. ಒಂದೇ ಉದ್ದಿಮೆಯನ್ನೋ ಒಂದೇ ಕಸುಬನ್ನೋ ಆರಿಸಿಕೊಂಡು, ಅದರ ಕಾನೂನುಗಳ ಇಸವಿಪಟ್ಟಿಯನ್ನು ಮೊದಲು ಸಿದ್ಧಪಡಿಸಿ, ಆಮೇಲೆ ಕೋಷ್ಟಕಕ್ಕೆ ಕೈ ಹಾಕುವ ತಾಳ್ಮೆ ಇರುವವರಿಗೆ ಮಾತ್ರ ಮನಸಾರೆ ಶಿಫಾರಸು ಮಾಡುತ್ತೇನೆ. ನನ್ನ ಮಟ್ಟಿಗೆ ಮುಂದಿನ ಸರದಿ ಕಟ್ಟಡ ಕೆಲಸದ್ದು. 1951ರ ಕಾಯ್ದೆಯಡಿ ತರಬೇತಾದ ಆಫ್ರಿಕನ್ ಗಾರೆ ಕೆಲಸದವರನ್ನು ಉದ್ಯೋಗದಾತರು ‘ಗಾರೆ ಕೆಲಸದವನು’ ಎಂಬ ಸಾಲಿನಲ್ಲೇ ಬರೆದರೋ, ‘ಸಹಾಯಕ’ ಎಂಬ ಸಾಲಿಗೆ ತಳ್ಳಿದರೋ ಎಂದು ವರ್ಷ ವರ್ಷದ ಕೋಷ್ಟಕ ಹಿಡಿದು ನೋಡುತ್ತಿದ್ದೇನೆ.